ಅಮೀನಗಡದ ಕರದಂಟು, ಬೆಂಗಳೂರಿನ ಒಲೆ ಮತ್ತು ಒಂದು ಮರದ ಚೌಕಟ್ಟು

ಕರದಂಟು ಎಂದರೆ ತುಪ್ಪದಲ್ಲಿ ಕರಿದ ಮರದ ಅಂಟನ್ನು ಬೆಲ್ಲದ ಪಾಕ, ಒಣಹಣ್ಣು–ಬೀಜಗಳ ಜೊತೆ ಕೂಡಿಸಿ ಮಾಡುವ ಸಿಹಿತಿಂಡಿ. ಒಳ್ಳೆಯ ಕರದಂಟು ಹಲ್ಲಿಗೆ ಸಿಕ್ಕೊಡನೆ ಮೊದಲು ಕರುಂ ಎಂದು ಒಡೆಯಬೇಕು, ಆಮೇಲೆ ನಿಧಾನವಾಗಿ ಜಗಿಯಲು ಬರಬೇಕು. ಈ ಕ್ರಮ ತಪ್ಪಬಾರದು. ಬೆಂಗಳೂರಿನಲ್ಲಿ ಕರದಂಟು ಎಂಬ ಹೆಸರಿನಲ್ಲಿ ಸಿಗುವುದರಲ್ಲಿ ಹೆಚ್ಚಿನದು ಬರೀ ಜಗಿಯುತ್ತದೆ, ಇನ್ನು ಕೆಲವು ಬರೀ ಒಡೆಯುತ್ತವೆ. ಗೋಡಂಬಿ, ಪಿಸ್ತಾ ಧಾರಾಳವಾಗಿ ಸುರಿದು ಪೆಟ್ಟಿಗೆಯ ಮೇಲೆ ‘ಪ್ರೀಮಿಯಂ’ ಎಂದು ಹೊಳೆಯುವ ಅಕ್ಷರದಲ್ಲಿ ಬರೆದರೂ ಆ ಮೊದಲ ಕರುಂ ಬರುವುದಿಲ್ಲ. ಹಾಗಾದರೆ ಅದು ಎಲ್ಲಿಂದ ಬರುತ್ತದೆ ಎಂದು ಪತ್ತೆ ಹಚ್ಚುವುದೇ ಈ ಕೆಲಸದ ಉದ್ದೇಶ. ಮನೆಯಲ್ಲಿ ಸಿಹಿತಿಂಡಿ ಮಾಡಬೇಕೆಂಬ ಆಸೆಗಿಂತ ಈ ಪ್ರಶ್ನೆಯೇ ನನ್ನನ್ನು ಒಲೆಯ ಮುಂದೆ ನಿಲ್ಲಿಸಿತು.

ಕರದಂಟಿನ ಊರುಗಳು ಎರಡು. ಬೆಳಗಾವಿ ಜಿಲ್ಲೆಯ ಗೋಕಾಕ ಒಂದು, ಬಾಗಲಕೋಟೆ ಜಿಲ್ಲೆಯ ಹುನಗುಂದದ ಬಳಿಯ ಅಮೀನಗಡ ಇನ್ನೊಂದು. ಗೋಕಾಕಕ್ಕೆ ಜಲಪಾತ ನೋಡಲು ಹೋದವರು ಕರದಂಟು ಕಟ್ಟಿಸಿಕೊಳ್ಳದೆ ಮರಳುವುದಿಲ್ಲ. ಅಮೀನಗಡ ಇರುವುದು ಬೆಳಗಾವಿ–ರಾಯಚೂರು ರಸ್ತೆಯ ಮೇಲೆ. ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ ಸುತ್ತುವವರ ಗಾಡಿಗಳು ಅಲ್ಲಿ ತಾವಾಗಿಯೇ ನಿಲ್ಲುತ್ತವೆ. ಯಾರದು ಮೇಲು ಎಂದು ನನ್ನನ್ನು ಕೇಳಬೇಡಿ. ನಾನು ಹುನಗುಂದದ ಕಡೆಯವನು, ತೀರ್ಪು ಮೊದಲೇ ಬರೆದಿಟ್ಟಾಗಿದೆ. ಧಾರವಾಡದ ಪೇಡೆ, ಬೆಳಗಾವಿಯ ಕುಂದಾ ಕೂಡ ದಾರಿಯಲ್ಲಿ ಕೊಳ್ಳುವ ತಿಂಡಿಗಳೇ, ಆದರೆ ಅವೆರಡೂ ಹಾಲಿನವು, ಊರು ಮುಟ್ಟುವ ತನಕ ಜೋಪಾನ ಮಾಡಬೇಕು. ಕರದಂಟಿನಲ್ಲಿ ಹಾಲೂ ಇಲ್ಲ, ನೀರೂ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿನ ಬಸ್ಸಿನಲ್ಲಿ ಚೀಲದ ತಳದಲ್ಲಿ ಬಿದ್ದಿದ್ದರೂ ಕೆಡುವುದಿಲ್ಲ. ನೀರಿಲ್ಲದಿರುವ ಈ ಗುಣವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಎಲ್ಲ ಹೆಜ್ಜೆಗೂ ಇದೇ ಕಾರಣ.

ಅಂಟು

ಬೆಂಗಳೂರಿನ ದಿನಸಿ ಅಂಗಡಿಯಲ್ಲಿ ‘ಅಂಟು’ ಎಂದರೆ ಹುಡುಗರು ಗೋಂದಿನ ಬಾಟಲಿ ತಂದುಕೊಡುತ್ತಾರೆ. ‘ತಿನ್ನುವ ಗೋಂದು’ ಎನ್ನಬೇಕು. ಆಗಲೂ ಎರಡು ಬಗೆಯ ಪೊಟ್ಟಣಗಳು ಎದುರಾಗುತ್ತವೆ. ಒಂದು ಜಾಲಿ, ದಿಂಡಿಗದಂಥ ಮರಗಳ ಅಂಟು: ಜೇನುಬಣ್ಣದ, ಗಾಜಿನಂತೆ ಬೆಳಕು ಹಾಯುವ ಹರಳು. ಇನ್ನೊಂದು ಬೇಸಿಗೆಯಲ್ಲಿ ಪಾನಕಕ್ಕೆ, ಫಾಲೂದಾಕ್ಕೆ ಹಾಕುವ ಗೋಂದು ಕತೀರಾ: ಮಬ್ಬು ಬಿಳಿ ಚಕ್ಕೆಗಳು. ಎರಡನೆಯದು ಕರದಂಟಿಗೆ ಬರುವುದಿಲ್ಲ, ತುಪ್ಪದಲ್ಲಿ ಅರಳುವುದೇ ಇಲ್ಲ. ಅನುಮಾನ ಬಂದರೆ ಒಂದು ಹರಳನ್ನು ಲೋಟದ ನೀರಿಗೆ ಹಾಕಿ ರಾತ್ರಿ ಬಿಡಿ. ಕರಗಿ ನೀರೇ ಅಂಟಂಟಾದರೆ ಅದು ನಮಗೆ ಬೇಕಾದದ್ದು. ಲೋಟದ ತುಂಬ ಲೋಳೆಯಾಗಿ ಉಬ್ಬಿದ್ದರೆ ಕತೀರಾ.

ಈ ಪರೀಕ್ಷೆ ಇನ್ನೊಂದು ಸಂಗತಿಯನ್ನೂ ತೋರಿಸಿಕೊಡುತ್ತದೆ. ಕರದಂಟಿನ ಅಂಟು ನೀರಿನಲ್ಲಿ ಕರಗುವ ಪದಾರ್ಥ. ಕರಿದ ಮೇಲೂ ಕರಗುತ್ತದೆ. ಪಾಕದಲ್ಲಾಗಲಿ ಖರ್ಜೂರದಲ್ಲಾಗಲಿ ಹೆಚ್ಚು ನೀರು ಉಳಿದಿದ್ದರೆ ಅಷ್ಟು ಕಷ್ಟಪಟ್ಟು ಅರಳಿಸಿದ್ದು ಮತ್ತೆ ಮರದ ಅಂಟಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ.

ನಾನು ತಂದ ಪೊಟ್ಟಣದಲ್ಲಿ ಹರಳುಗಳ ಗಾತ್ರಕ್ಕೆ ಲೆಕ್ಕವೇ ಇರಲಿಲ್ಲ. ಸಾಸಿವೆಯಷ್ಟಿನವೂ ಇದ್ದವು, ನೆಲ್ಲಿಕಾಯಿಯಷ್ಟಿನವೂ ಇದ್ದವು. ತೊಗಟೆ, ಮಣ್ಣು ಅಂಟಿಕೊಂಡಿದ್ದನ್ನು ಆರಿಸಿ ತೆಗೆದು, ದೊಡ್ಡವನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಎಲ್ಲವನ್ನೂ ತೊಗರಿಬೇಳೆಗಿಂತ ತುಸು ದೊಡ್ಡದಾಗಿ, ಕಡಲೆಗಿಂತ ಚಿಕ್ಕದಾಗಿ ಮಾಡಿಕೊಂಡೆ. ಪುಡಿಯನ್ನು ಜರಡಿ ಹಿಡಿದು ಬೇರೆ ಇಟ್ಟೆ, ಅದು ತುಪ್ಪದಲ್ಲಿ ಸುಟ್ಟುಹೋಗುತ್ತದೆ. ಬಿಸಿಲಿಗೆ ಇಡುವ ರೂಢಿಯಿದೆ. ಮೇಲಿನ ತೇವ ಹೋಗುವಷ್ಟು, ಒಂದೆರಡು ಗಂಟೆ ಸಾಕು. ಹರಳಿನೊಳಗೆ ಅಡಗಿರುವ ಸ್ವಲ್ಪ ತೇವವೇ ಬಿಸಿಗೆ ಆವಿಯಾಗಿ, ಮೆತ್ತಗಾದ ಅಂಟನ್ನು ಒಳಗಿನಿಂದ ಉಬ್ಬಿಸುವುದು. ದಿನಗಟ್ಟಲೆ ಒಣಗಿಸಿದರೆ ಉಬ್ಬಿಸಲು ಏನೂ ಉಳಿಯುವುದಿಲ್ಲ.

ಕರಿಯುವ ಬಿಸಿಯನ್ನು ಊಹೆಗೆ ಬಿಡದೆ ಅಡುಗೆಯ ತಾಪಮಾಪಕ ಇಟ್ಟುಕೊಂಡು ಮೂರು ಹದದಲ್ಲಿ ನೋಡಿದೆ. ಚಿಕ್ಕ, ಆಳವಾದ ಬಾಣಲೆ, ಕಾಲು ಕಿಲೋ ತುಪ್ಪ, ಒಂದು ಸಲಕ್ಕೆ ಒಂದು ಚಮಚ ಅಂಟು. 150 ಡಿಗ್ರಿಯಲ್ಲಿ ಹರಳು ಸಾವಕಾಶವಾಗಿ ಉಬ್ಬಿತು, ಹೊರಗೆ ಬೆಳ್ಳಗಾಯಿತು. ಒಡೆದು ನೋಡಿದರೆ ನಡುವೆ ಗಾಜಿನ ಗುಂಡು ಹಾಗೇ ಕೂತಿತ್ತು. 210ರ ಹತ್ತಿರ ಹೊರಗೆ ಕ್ಷಣದಲ್ಲಿ ಕಂದಾಯಿತು, ಒಳಗೆ ಮತ್ತದೇ ಕಲ್ಲು. 180ರಿಂದ 185ರ ನಡುವೆ ಹಾಕಿದ ಹರಳು ತಳಕ್ಕೆ ಹೋಗಿ, ಒಂದು ಗಳಿಗೆ ಸುಮ್ಮನಿದ್ದು, ಚಟಪಟ ಎನ್ನುತ್ತ ಜೋಳದ ಅರಳಿನ ಹಾಗೆ ಮೂರರಷ್ಟಾಗಿ ಮೇಲೆ ಬಂತು. ಬೆರಳುಗಳ ನಡುವೆ ಒತ್ತಿದರೆ ಪೂರ್ತಿ ಪುಡಿ, ನಡುವೆ ಚೂರೂ ಗಟ್ಟಿಯಿಲ್ಲ.

ಎಷ್ಟು ಹೊತ್ತು ಕರಿಯಬೇಕೆಂಬುದಕ್ಕೆ ಮಾತ್ರ ಮಾಪಕ ಉತ್ತರ ಕೊಡಲಿಲ್ಲ. ಊರಿಗೆ ಫೋನ್ ಮಾಡಿದೆ. ನಮ್ಮವ್ವ ಬಾಣಂತಿಯರಿಗೆ ಅಂಟಿನ ಉಂಡೆ ಕಟ್ಟಿಕೊಡುವುದರಲ್ಲಿ ಓಣಿಗೇ ಹೆಸರಾದವಳು.

“ಅವ್ವಾ, ಅಂಟನ್ನು ಎಷ್ಟು ನಿಮಿಷ ಕರಿಯುತ್ತೀ?”

“ನಿಮಿಷ ಯಾರಿಗೆ ಗೊತ್ತು? ಅದರ ಗದ್ದಲ ನಿಲ್ಲುವ ತನಕ.”

ಸರಿಯಾದ ಮಾತು. ಗದ್ದಲ ಎಂದರೆ ತೇವ ಹೊರಬರುತ್ತಿರುವ ಸದ್ದು. ಅದು ನಿಂತರೆ ಒಳಗೂ ಒಣಗಿತು ಎಂದರ್ಥ. ಆ ಕ್ಷಣಕ್ಕೆ ಜಾಲರಿ ಸೌಟಿನಲ್ಲಿ ಎತ್ತಿ ಕಾಗದದ ಮೇಲೆ ಹರಡಬೇಕು. ಎರಡು ಕ್ಷಣ ತಡವಾದರೆ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ, ಕಹಿ ಹತ್ತುತ್ತದೆ.

100 ಗ್ರಾಂ ಅಂಟು ಕರಿದಾದ ಮೇಲೆ ದೊಡ್ಡ ಬೋಗುಣಿ ತುಂಬಿತು. ಅರ್ಧವನ್ನು ಬಟ್ಟಲಿನ ತಳದಿಂದ ಒತ್ತಿ ತರಿತರಿಯಾಗಿ ಪುಡಿ ಮಾಡಿದೆ, ಅರ್ಧವನ್ನು ಇಡಿಯಾಗಿ ಬಿಟ್ಟೆ. ಪೂರ್ತಿ ಪುಡಿಯಾದರೆ ಅದು ಪಾಕದಲ್ಲಿ ಸೇರಿಹೋಗಿ ಹಲ್ವದ ಹದಕ್ಕೆ ಇಳಿಯುತ್ತದೆ. ಪೂರ್ತಿ ಇಡಿಯಾಗಿದ್ದರೆ ತುಂಡು ಕತ್ತರಿಸುವಾಗ ಉದುರುತ್ತದೆ.

ಉಳಿದ ಸಾಮಾನು

ಇಲ್ಲಿ ಬೇಗ ಮುಗಿಸುತ್ತೇನೆ, ಏಕೆಂದರೆ ಎಲ್ಲರೂ ದೊಡ್ಡದು ಮಾಡಿ ಹೇಳುವುದು ಇದನ್ನೇ. ತಿಪಟೂರಿನ ಒಣಕೊಬ್ಬರಿ 150 ಗ್ರಾಂ, ಹಿಂದಿನ ಕಂದು ಸಿಪ್ಪೆ ಕೆರೆದು ಸಣ್ಣಗೆ ತುರಿದದ್ದು. ಗೋಡಂಬಿ, ಬಾದಾಮಿ ತಲಾ 100 ಗ್ರಾಂ, ಒಂದೊಂದನ್ನು ಮೂರು ನಾಲ್ಕು ಚೂರು ಮಾಡಿ ಅದೇ ತುಪ್ಪದಲ್ಲಿ ಹೊಂಬಣ್ಣಕ್ಕೆ ಹುರಿದದ್ದು. ಒಣದ್ರಾಕ್ಷಿ 50 ಗ್ರಾಂ, ಒಂದು ಹಿಡಿ ಕಲ್ಲಂಗಡಿ ಬೀಜ, ಎರಡು ಚಮಚ ಗಸಗಸೆ, ಏಲಕ್ಕಿ, ಚಿಟಿಕೆ ಜಾಜಿಕಾಯಿ ಪುಡಿ. ಪಿಸ್ತಾ ಹಾಕಿದ್ದೆ. ಬಣ್ಣಕ್ಕೆ ಚೆನ್ನ, ರುಚಿಗೆ ಲೆಕ್ಕಕ್ಕಿಲ್ಲ.

ಕೊಬ್ಬರಿಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಸಾಕು. ಕೆಂಪಗೆ ಹುರಿಯಲು ಹೋದರೆ ಎಣ್ಣೆ ಬಿಟ್ಟುಕೊಂಡು ಬೇಗ ಕಮಟು ವಾಸನೆ ಹಿಡಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನದು ಹಟ. ಮೆತ್ತಗಿನ ಖರ್ಜೂರ ಬೇಡ, ಒಣ ಉತ್ತತ್ತಿಯೇ ಬೇಕು. ಖರ್ಜೂರದ ತೇವ ಮೊದಲ ದಿನ ಗೊತ್ತಾಗುವುದಿಲ್ಲ. ಡಬ್ಬಿಯೊಳಗೆ ನಿಧಾನವಾಗಿ ಪಕ್ಕದ ಅಂಟಿಗೆ ಇಳಿಯುತ್ತದೆ, ವಾರ ಕಳೆಯುವುದರೊಳಗೆ ಕರುಂ ಎನ್ನುವುದು ಮಾಯ. ಅಂಗಡಿಯ ಎಷ್ಟೋ ಕರದಂಟು ಬರೀ ಜಗಿಯುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಗುಮಾನಿ. ಉತ್ತತ್ತಿ ಚಾಕುವಿಗೆ ಬಗ್ಗುವುದಿಲ್ಲ. ಮನೆಯಲ್ಲಿ ಎಲೆ ಅಡಿಕೆ ಹಾಕುವವರು ಯಾರೂ ಇಲ್ಲದಿದ್ದರೂ ಹಳೆಯ ಹಿತ್ತಾಳೆಯ ಅಡಕತ್ತರಿಯೊಂದು ಪೆಟ್ಟಿಗೆಯಲ್ಲಿತ್ತು. ಬೀಜ ತೆಗೆದು, ಉದ್ದಕ್ಕೆ ಸೀಳಿ, ಅಡ್ಡಕ್ಕೆ ಕತ್ತರಿಸಲು ಅದಕ್ಕಿಂತ ಒಳ್ಳೆಯ ಹತಾರವಿಲ್ಲ. 100 ಗ್ರಾಂ ಕತ್ತರಿಸುವಷ್ಟರಲ್ಲಿ ಹೆಬ್ಬೆರಳ ಬುಡ ನೋಯುತ್ತದೆ, ಅದನ್ನು ತಪ್ಪಿಸುವ ದಾರಿ ನನಗೆ ಸಿಕ್ಕಿಲ್ಲ. ಕತ್ತರಿಸಿದ್ದನ್ನೂ ತುಪ್ಪದಲ್ಲಿ ಒಂದು ಸುತ್ತು ಹುರಿದೆ. ದ್ರಾಕ್ಷಿಯನ್ನು ಗುಂಡಗೆ ಉಬ್ಬುವ ತನಕ.

ಚೌಕಟ್ಟು

ಸ್ಟೀಲ್ ತಟ್ಟೆಯಲ್ಲಿ ಸುರಿದು ಕತ್ತರಿಸುವುದು ಮನೆಗಳಲ್ಲಿ ಸಾಮಾನ್ಯ. ತೊಂದರೆ ಏನೆಂದರೆ ತಟ್ಟೆಯ ಅಂಚು ಓರೆ, ಅಲ್ಲಿ ಪದರ ತೆಳ್ಳಗಾಗುತ್ತದೆ. ಹೊರಗೆ ತೆಗೆಯುವಾಗ ಬಾಗಿಸಬೇಕಾಗಿ ಬಂದು ಕರದಂಟಿನ ಹಲಗೆ ಸೀಳುತ್ತದೆ. ತಳವಿಲ್ಲದ, ಬಿಚ್ಚಿ ತೆಗೆಯಬಹುದಾದ ಮರದ ಚೌಕಟ್ಟು ಇದ್ದರೆ ಎರಡೂ ತಾಪತ್ರಯವಿಲ್ಲ.

ಬಡಗಿಯ ಅಂಗಡಿಯಲ್ಲಿ ಉಳಿಕೆ ಸಾಗುವಾನಿ ಪಟ್ಟಿಗಳು ಸಿಕ್ಕವು. 28 ಸೆಂ.ಮೀ. ಉದ್ದ, 2 ಸೆಂ.ಮೀ. ಎತ್ತರ, 12 ಮಿ.ಮೀ. ದಪ್ಪದ ನಾಲ್ಕು ತುಂಡು ಮಾಡಿಕೊಂಡೆ. ಮೊಳೆ ಬೇಡ, ಮರಗೆಲಸದ ಅಂಟು ಅಂತೂ ಬೇಡವೇ ಬೇಡ. ಪ್ರತಿ ಪಟ್ಟಿಯ ಎರಡೂ ತುದಿಯಿಂದ 18 ಮಿ.ಮೀ. ಒಳಗೆ, 12 ಮಿ.ಮೀ. ಅಗಲದ ಕಚ್ಚನ್ನು ಪಟ್ಟಿಯ ಅರ್ಧ ಎತ್ತರಕ್ಕೆ, ಅಂದರೆ 10 ಮಿ.ಮೀ. ಆಳಕ್ಕೆ ಕೊರೆದೆ. ಎರಡು ಪಟ್ಟಿಗಳಿಗೆ ಕಚ್ಚು ಮೇಲ್ಮುಖ, ಇನ್ನೆರಡಕ್ಕೆ ಕೆಳಮುಖ. ಒಂದರ ಮೇಲೊಂದು ಕೂರಿಸಿದರೆ ಮೇಲೂ ಕೆಳಗೂ ಸಮವಾಗಿ ನಿಲ್ಲುವ, 22 ಸೆಂ.ಮೀ. ಒಳ ಅಳತೆಯ ಚೌಕ. ನಾಲ್ಕು ಮೂಲೆಯಲ್ಲಿ ಹೊರಚಾಚಿದ ತುದಿಗಳೇ ಹಿಡಿಕೆ.

ಕಚ್ಚು ಕೊರೆಯುವಾಗ ನಾಲ್ಕೂ ಪಟ್ಟಿಗಳನ್ನು ಒಟ್ಟಿಗೆ ಕಟ್ಟಿ ಒಂದೇ ಗೆರೆ ಎಳೆದು ಗರಗಸ ಹಾಕುವುದು ಮುಖ್ಯ. ಬಿಡಿಬಿಡಿಯಾಗಿ ಅಳೆದರೆ ಚೌಕ ಚೌಕವಾಗಿ ಉಳಿಯುವುದಿಲ್ಲ. ಗರಗಸದ ಎರಡು ಗೆರೆಗಳ ನಡುವಿನ ಮರವನ್ನು ಉಳಿಯಿಂದ ಎಬ್ಬಿಸಿ ತಳ ಸಮ ಮಾಡಿದೆ. ಒಣಗಿದ್ದಾಗ ತುಸು ಸಡಿಲವೇ ಇರಲಿ, ಏಕೆಂದರೆ ಬಿಸಿ ಮತ್ತು ತೇವ ತಗುಲಿದರೆ ಮರ ಉಬ್ಬುತ್ತದೆ. ಒಳಮೈಯನ್ನು ಒರಟು, ಆಮೇಲೆ ನಯ ಉಪ್ಪುಕಾಗದದಲ್ಲಿ ಉಜ್ಜಿದೆ. ಪಾಲಿಶ್, ವಾರ್ನಿಶ್ ಏನೂ ಹಚ್ಚಿಲ್ಲ, ತಿನ್ನುವ ಪದಾರ್ಥ ತಾಗುವ ಜಾಗ. ಬಳಸುವ ಮೊದಲು ಬೆಚ್ಚಗಿನ ತುಪ್ಪ ಸವರಿ ರಾತ್ರಿಯಿಡೀ ಬಿಟ್ಟರೆ ಮರ ಬೇಕಾದಷ್ಟು ಕುಡಿದುಕೊಳ್ಳುತ್ತದೆ. ತೊಳೆಯಲು ನೀರಿನಲ್ಲಿ ನೆನೆಹಾಕಬಾರದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಬೇಕು.

ಪಾಕ

ನಮ್ಮ ಜಿಲ್ಲೆಯಲ್ಲೇ ಮಹಾಲಿಂಗಪುರದ ಬೆಲ್ಲ ಹೆಸರುವಾಸಿ. ಊರಿಂದ ಬಂದ ಪೆಂಟೆಯಿಂದ 300 ಗ್ರಾಂ ಜಜ್ಜಿ ತೆಗೆದುಕೊಂಡೆ. ಬಣ್ಣ ಕಡುಗಂದು. ಅರಿಸಿನದಂತೆ ಹೊಳೆಯುವ ಬೆಲ್ಲವನ್ನು ನಾನು ಈ ಕೆಲಸಕ್ಕೆ ಮುಟ್ಟುವುದಿಲ್ಲ. ಆ ಹೊಳಪನ್ನು ಎಷ್ಟೋ ಸಲ ರಾಸಾಯನಿಕ ಹಾಕಿಯೇ ತರುತ್ತಾರೆ. ನಾಲ್ಕು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ, ತೆಳುಬಟ್ಟೆಯಲ್ಲಿ ಸೋಸಿದೆ. ಕಬ್ಬಿನ ಸಿಪ್ಪೆ, ಮರಳು ಬಟ್ಟೆಯಲ್ಲಿ ಉಳಿಯಿತು. ದಪ್ಪ ತಳದ ಪಾತ್ರೆಗೆ ಹಾಕಿ ಮಧ್ಯಮ ಉರಿಯ ಮೇಲಿಟ್ಟೆ.

ಸಕ್ಕರೆ ಪಾಕದ ಪುಸ್ತಕದ ಲೆಕ್ಕದಲ್ಲಿ 112ರಿಂದ 116 ಡಿಗ್ರಿ ಮೆತ್ತನೆ ಉಂಡೆ, 118ರಿಂದ 121 ಗಟ್ಟಿ ಉಂಡೆ, 146 ದಾಟಿದರೆ ಚಿಕ್ಕಿಯ ಹಾಗೆ ಒಡೆಯುವ ಪಾಕ. ಈ ಲೆಕ್ಕ ಸಮುದ್ರ ಮಟ್ಟದ್ದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಮಾಪಕವನ್ನು ಮೊದಲು ಕುದಿಯುವ ನೀರಿಗೆ ಅದ್ದಿ ಅಷ್ಟೇ ತೋರಿಸುತ್ತದೆಂದು ಖಾತ್ರಿ ಮಾಡಿಕೊಂಡು, ಪುಸ್ತಕದ ಅಂಕಿಗಳಿಂದ ಮೂರು ಡಿಗ್ರಿ ಕಳೆದೆ. ಮಂಗಳೂರಿನಲ್ಲಿ ಮಾಡುವವರು ಕಳೆಯಬೇಕಾಗಿಲ್ಲ.

ಕರುಂ ಎನ್ನಬೇಕೆಂಬ ಆಸೆಯಲ್ಲಿ ಪಾಕವನ್ನು ಏರಿಸುತ್ತ ಹೋಗುವುದು ಸಹಜ. ಅದಕ್ಕಾಗಿಯೇ ಪಾಕವನ್ನು ಸ್ವಲ್ಪ ಸ್ವಲ್ಪ ಬೇರೆ ತೆಗೆದು ಮೂರು ಹದದಲ್ಲಿ ಒಂದೊಂದು ಹಿಡಿ ಮಿಶ್ರಣ ಮಾಡಿ ಹೋಲಿಸಿದೆ. 112ಕ್ಕೆ ಇಳಿಸಿದ್ದರಲ್ಲಿ ಅಂಟು ಮೆತ್ತಗಾಗಿ, ಮರುದಿನ ತುಂಡು ತನ್ನ ಭಾರಕ್ಕೇ ಬಾಗಿತು. 130 ಮುಟ್ಟಿಸಿದ್ದು ದವಡೆಗೆ ಶಿಕ್ಷೆ: ಒಡೆಯುವುದೂ ಇಲ್ಲ, ಜಗಿಯಲೂ ಆಗುವುದಿಲ್ಲ. 117ರಲ್ಲಿ ಇಳಿಸಿದ್ದು ನಾನು ಹುಡುಕುತ್ತಿದ್ದ ಹದ. ಪಾಕ ಸ್ವತಃ ಜಗಿಯುವಂತಿತ್ತು, ಒಡೆಯುವ ಸದ್ದು ಪೂರ್ತಿ ಅಂಟಿನದು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೊರಟರೆ ಸಿಗುವುದು ಚಿಕ್ಕಿ, ಇಲ್ಲವೇ ಹಲ್ವ.

ಮಾಪಕ ಇಲ್ಲದವರಿಗೆ ನೀರಿನ ಬಟ್ಟಲೇ ಸಾಕು, ನಾನೂ ಕೊನೆಗೆ ಅದನ್ನೇ ನಂಬಿದೆ, ಏಕೆಂದರೆ ಬೆಲ್ಲ ಬರೀ ಸಕ್ಕರೆಯಲ್ಲ, ಪೆಂಟೆಯಿಂದ ಪೆಂಟೆಗೆ ಗುಣ ಬದಲಾಗುತ್ತದೆ. ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಉಂಡೆಯಾಗಬೇಕು. ಹೊರಗೆ ತೆಗೆದಿಟ್ಟರೆ ತಾನಾಗಿ ಚಪ್ಪಟೆಯಾಗಬಾರದು, ಒತ್ತಿದರೆ ಮಾತ್ರ ಬಗ್ಗಬೇಕು. ತಟ್ಟೆಗೆ ಎಸೆದಾಗ ‘ಟಪ್’ ಎಂದರೆ ಸರಿ, ‘ಟಣ್’ ಎಂದರೆ ಮುಂದೆ ಹೋಗಿದೆ.

ಕೂಡಿಸುವುದು

ಈ ಭಾಗಕ್ಕೆ ಕೈಗಳು ನಾಲ್ಕಿದ್ದರೆ ಒಳ್ಳೆಯದು. ಹೆಂಡತಿ ಬೋಗುಣಿ ಹಿಡಿದಳು, ನಾನು ಸಟ್ಟುಗ.

ಹುರಿದ ಹಣ್ಣು–ಬೀಜ ಮತ್ತು ಕೊಬ್ಬರಿ ಬೆಚ್ಚಗೇ ಇರಬೇಕು. ಆರಿದ್ದನ್ನು ಹಾಕಿದರೆ ಪಾಕ ಅಲ್ಲೇ ಸೆಟೆದುಕೊಂಡು ಅರ್ಧ ಒಣ, ಅರ್ಧ ಗಂಟು ಆಗುತ್ತದೆ. ದೊಡ್ಡ ಬಾಣಲೆಯಲ್ಲಿ ಅವನ್ನು ಸಣ್ಣ ಉರಿಯ ಮೇಲೆ ಕಾಯ್ದುಕೊಂಡೇ ಇದ್ದೆ. ಪಾಕ ಇಳಿಸಿ, ಒಂದು ಚಮಚ ತುಪ್ಪ, ಏಲಕ್ಕಿ, ಜಾಜಿಕಾಯಿ ಹಾಕಿ, ನೊರೆ ಕುಳಿತ ಮೇಲೆ ಬಾಣಲೆಗೆ ಸುರಿದು ಕೆಳಗಿನಿಂದ ಮೇಲಕ್ಕೆ ಎತ್ತಿ ತಿರುವಿದೆ. ಅಂಟಿನ ಪುಡಿ ಆಮೇಲೆ, ಇಡಿ ಅಂಟು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಮಿಶ್ರಣ 80 ಡಿಗ್ರಿಗೆ ಇಳಿದಿರುತ್ತದೆ, ಪಾಕ ಹಣ್ಣು–ಬೀಜಗಳ ಮೈಗೆ ಹತ್ತಿಕೊಂಡಿರುತ್ತದೆ. ಅಂಟಿನ ಮೈಮೇಲಿನ ತುಪ್ಪದ ಪದರ ಅದನ್ನು ಸ್ವಲ್ಪ ಕಾಪಾಡುತ್ತದೆ, ಆದರೆ ಕುದಿಯುವ ಪಾಕದಲ್ಲಿ ಹೊರಳಾಡಿಸಿದರೆ ಆ ಪದರವೂ ನಿಲ್ಲುವುದಿಲ್ಲ.

ತುಪ್ಪ ಸವರಿದ ಬೆಣ್ಣೆ ಕಾಗದದ ಮೇಲೆ ಚೌಕಟ್ಟು ಇಟ್ಟು, ತಳಕ್ಕೆ ಹುರಿದ ಗಸಗಸೆ ಉದುರಿಸಿ, ಮಿಶ್ರಣವನ್ನು ಮೂಲೆಗಳಿಂದ ಶುರುಮಾಡಿ ತುಂಬಿದೆ. ಮೇಲೂ ಗಸಗಸೆ, ಇನ್ನೊಂದು ಕಾಗದ. ಲಟ್ಟಣಿಗೆಯ ಎರಡು ತುದಿ ಚೌಕಟ್ಟಿನ ಎದುರುಬದುರು ಅಂಚುಗಳ ಮೇಲೆ ಕೂತಿರುವಂತೆ ಹಗುರಾಗಿ ಉರುಳಿಸಿದರೆ ದಪ್ಪ ಎಲ್ಲೆಡೆ 2 ಸೆಂ.ಮೀ.ಗೇ ನಿಲ್ಲುತ್ತದೆ. ಮೈಭಾರ ಹಾಕಬಾರದು. ಒಳಗೆ ಅಂಟಿನ ಗುಳ್ಳೆಗಳು ಒಡೆಯುವ ಸಣ್ಣ ಸದ್ದು ಕೇಳಿದರೆ ಒತ್ತುವುದು ಹೆಚ್ಚಾಯಿತೆಂದು ತಿಳಿಯಿರಿ.

ಹತ್ತು ನಿಮಿಷಕ್ಕೆ ಚೌಕಟ್ಟಿನ ಮೇಲಿನ ಎರಡು ಪಟ್ಟಿ ಎತ್ತಿದೆ. ಕೆಳಗಿನ ಎರಡು ಪಕ್ಕಕ್ಕೆ ಸರಿದು ಬಂದವು, ಮೂಲೆ ಸಹಿತ ಹಲಗೆ ಅಚ್ಚುಕಟ್ಟಾಗಿ ನಿಂತಿತು. ಇನ್ನೂ ಬೆಚ್ಚಗಿರುವಾಗಲೇ ತುಪ್ಪ ಸವರಿದ ಉದ್ದ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಒತ್ತಿ ಕತ್ತರಿಸಬೇಕು, ಗರಗಸದ ಹಾಗೆ ಹಿಂದೆ ಮುಂದೆ ಎಳೆಯಬಾರದು. ಪೂರ್ತಿ ಆರಲು ಬಿಟ್ಟರೆ ಬಾದಾಮಿ ಚೂರುಗಳ ಜಾಗದಲ್ಲಿ ಹಲಗೆ ತನಗೆ ಬೇಕಾದಲ್ಲಿ ಸೀಳಿಕೊಳ್ಳುತ್ತದೆ.

ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಕಡುಗಂದು ಪಾಕದ ನಡುವೆ ಬಿಳಿ ಅಂಟಿನ ರಂಧ್ರ ರಂಧ್ರವಾದ ಮೈ, ಉತ್ತತ್ತಿಯ ಕೆಂಪು ಗೆರೆ, ಅಲ್ಲಲ್ಲಿ ಬಾದಾಮಿ. ಅಮೀನಗಡದಿಂದ ತಂದಿಟ್ಟಿದ್ದ ತುಂಡನ್ನು ಪಕ್ಕದಲ್ಲಿಟ್ಟು ಎರಡನ್ನೂ ಕಚ್ಚಿದೆವು. ಒಡೆಯುವುದರಲ್ಲಿ ನನ್ನದು ಸರಿಸಮ. ಜಗಿಯುವುದರಲ್ಲಿ ಅವರದು ಇನ್ನೂ ನಯ, ಬೆಲ್ಲದ ಸುಟ್ಟ ಪರಿಮಳವೂ ಒಂದು ಕೈ ಮೇಲು. ದೊಡ್ಡ ಕಡಾಯಿಯಲ್ಲಿ, ಹೆಚ್ಚು ಬೆಲ್ಲ, ಹೆಚ್ಚು ಹೊತ್ತು ಕುದಿಯುವುದರಿಂದ ಆ ಪರಿಮಳ ಬರುತ್ತದೆಂದು ತೋರುತ್ತದೆ. 300 ಗ್ರಾಂ ಬೆಲ್ಲ ಅಷ್ಟು ಹೊತ್ತು ಉರಿಯ ಮೇಲೆ ನಿಲ್ಲುವುದಿಲ್ಲ.

ಇಡುವುದು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಪದರಗಳ ನಡುವೆ ಕಾಗದ ಹಾಕಿ. ಫ್ರಿಜ್ ಬೇಡ: ಹೊರಗೆ ತೆಗೆದೊಡನೆ ಮೇಲೆ ಹನಿಗಟ್ಟಿ ಮೊದಲ ಪದರದ ಅಂಟು ಕೆಡುತ್ತದೆ. ಬೇಸಿಗೆಯಲ್ಲಿ ವಾರಗಟ್ಟಲೆ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವವನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ, ಡಬ್ಬಿಯ ಮುಚ್ಚಳ ತೆಗೆದು ಹಾಕುವುದು ಹೆಚ್ಚಾದಷ್ಟೂ ಮೇಲ್ಮೈ ಜಿಗುಟಾಗುತ್ತದೆ. ಆದ್ದರಿಂದ ಶ್ರಾವಣಕ್ಕೆ ಮಾಡುವಾಗ ಪಾಕವನ್ನು ಒಂದೇ ಒಂದು ಡಿಗ್ರಿ ಏರಿಸಿ 118ಕ್ಕೆ ಇಳಿಸುವುದು, ಅಂಟನ್ನು 130 ಗ್ರಾಂಗೆ ಹೆಚ್ಚಿಸುವುದು, ಗೋಡಂಬಿಯನ್ನು ಅರ್ಧಕ್ಕೆ ಇಳಿಸಿ ಪಿಸ್ತಾವನ್ನು ಪೂರ್ತಿ ಕೈಬಿಡುವುದು ಎಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. ಅಂಟು ಕರಿದು ಉಳಿದ ತುಪ್ಪವನ್ನು ಸೋಸಿ ಚಪಾತಿಗೆ ಬಳಸುತ್ತಿದ್ದೇವೆ.